ಬೋರ್‌ವೆಲ್ ನಿಮ್ಮದು, ನೀರು ಊರಿಂದು

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಚಿಂತಾಮಣಿ ಕಡೆಯ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. ಅವರ ಬೋರ್ ಚೆನ್ನಾಗೇ ಬರ್ತಿತ್ತಂತೆ. ಪಕ್ಕದ ತೋಟದವರು ಇನ್ನೂ ಆಳಕ್ಕೆ ಕೊರೆಸಿದ ಎರಡು ತಿಂಗಳಿಗೆ ಇವರದ್ದು ನಿಂತೋಯ್ತು. "ಈಗ ನಾವೂ ಸಾಲ ಮಾಡಿ ಇನ್ನೂ ಆಳಕ್ಕೆ ಹೋಗ್ಬೇಕಾ?" ಅನ್ನೋದು ಅವರ ಪ್ರಶ್ನೆ. ಇವತ್ತಿನ ಸಂಚಿಕೆ ಪೂರ್ತಿ ಇದಕ್ಕೆ ಉತ್ತರ.

ಕೆಳಗಡೆ ನದಿ ಇಲ್ಲ

ನೆಲದ ಕೆಳಗೆ ಪಾತಾಳಗಂಗೆ ಹರೀತಿದೆ, ಸಾಕಷ್ಟು ಆಳಕ್ಕೆ ಹೋದ್ರೆ ಸಿಗುತ್ತೆ ಅಂತ ತುಂಬಾ ಜನ ನಂಬಿದ್ದಾರೆ. ಕೋಲಾರ, ಚಿಕ್ಕಬಳ್ಳಾಪುರದ ನೆಲ ಹಾಗಿಲ್ಲ. ಮೇಲೆ ಮಣ್ಣು, ಅದರ ಕೆಳಗೆ ಪುಡಿಪುಡಿಯಾದ ಕಲ್ಲಿನ ಪದರ, ಆಮೇಲೆ ಗಟ್ಟಿ ಬಂಡೆ. ಪುಡಿಕಲ್ಲಿನ ಪದರ ಸ್ಪಾಂಜ್ ಥರ ನೀರು ಹಿಡ್ಕೊಳ್ಳುತ್ತೆ. ನಮ್ಮ ತಾತಂದಿರ ತೆರೆದ ಬಾವಿಗಳು ನಡೀತಿದ್ದಿದ್ದು ಇದೇ ನೀರಿನ ಮೇಲೆ. ಬಂಡೆಯಲ್ಲಿ ನೀರಿರೋದು ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ, ಅಲ್ಲಿಗೆ ಮಳೆ ನೀರು ತಲುಪೋದೂ ನಿಧಾನ. ಜೊತೆಗೆ ಈ ಭಾಗದ ಆಳದ ನೀರಲ್ಲಿ ಫ್ಲೋರೈಡ್ ಸಮಸ್ಯೆ ಬೇರೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನ ವರ್ಷಗಟ್ಟಲೆ ಕುಡಿದ್ರೆ ಹಲ್ಲು, ಮೂಳೆಗೆ ತೊಂದ್ರೆ.

ನಾನು ಓದಿದ್ದು ಕಾಮರ್ಸ್, ಹಾಗಾಗಿ ನನಗೆ ಅರ್ಥವಾಗೋ ಭಾಷೇಲಿ ಹೇಳ್ತೀನಿ. ಮೇಲಿನ ಪದರದ ನೀರು ಸೇವಿಂಗ್ಸ್ ಅಕೌಂಟ್, ಪ್ರತಿ ಮಳೆಗಾಲ ಡೆಪಾಸಿಟ್ ಬೀಳುತ್ತೆ. ಆಳದ ನೀರು ಎಷ್ಟೋ ವರ್ಷ ಕೂಡಿಟ್ಟ ಎಫ್‌ಡಿ. ಸೇವಿಂಗ್ಸ್ ಖಾಲಿ ಮಾಡಿ ಈಗ ಎಫ್‌ಡಿ ಮುರೀತಾ ಇದ್ದೀವಿ. ಅದೂ ಜಾಯಿಂಟ್ ಅಕೌಂಟ್. ನಿಮ್ಮ ಹೊಲದ ಕೆಳಗಿನ ಬಿರುಕಿಗೂ ಪಕ್ಕದವರ ಬಿರುಕಿಗೂ ಸಂಪರ್ಕ ಇರಬಹುದು. ಅವರು ಮೋಟಾರ್ ಹಾಕಿದಾಗ ನಿಮ್ಮದು ನಿಂತಿದ್ದು ಬಹುಶಃ ಇದೇ ಕಾರಣಕ್ಕೆ.

ಲೆಕ್ಕ ಹಾಕೋಣ

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್ ನೀರು. ವರ್ಷಕ್ಕೆ 700 ಮಿಲಿಮೀಟರ್ ಮಳೆ ಅಂದ್ರೆ ಒಂದು ಎಕರೆಗೆ ಸುಮಾರು 28 ಲಕ್ಷ ಲೀಟರ್. ತುಂಬಾ ಅನ್ಸುತ್ತೆ. ಆದ್ರೆ ಹೆಚ್ಚಿನದ್ದು ಆವಿಯಾಗುತ್ತೆ, ಗಿಡ ಕುಡಿಯುತ್ತೆ, ಹರಿದು ಹೋಗುತ್ತೆ. ಹತ್ತರಲ್ಲಿ ಒಂದು ಭಾಗ ಇಂಗುತ್ತೆ ಅಂತ ಇಟ್ಕೊಳ್ಳಿ: 2.8 ಲಕ್ಷ ಲೀಟರ್. ಇದು ಎಕರೆಯ ವರ್ಷದ ಡೆಪಾಸಿಟ್.

ಈಗ ಖರ್ಚು. ತಲೆಗೆ ದಿನಕ್ಕೆ 55 ಲೀಟರ್ ಅಂದ್ರೂ ಐದು ಜನರ ಮನೆಗೆ ವರ್ಷಕ್ಕೆ ಒಂದು ಲಕ್ಷ ಲೀಟರ್. ಪರವಾಗಿಲ್ಲ. ಆದ್ರೆ ಬೋರ್ ನಂಬ್ಕೊಂಡು ಬೇಸಿಗೇಲಿ ಒಂದು ಎಕರೆ ಭತ್ತ ಹಾಕಿದ್ರೆ? 1,200 ಮಿಲಿಮೀಟರ್ ನೀರು ಬೇಕು ಅಂದ್ಕೊಂಡ್ರೆ 48 ಲಕ್ಷ ಲೀಟರ್. ಸ್ವಲ್ಪ ವಾಪಸ್ ಇಂಗುತ್ತೆ, ಒಪ್ಪೋಣ. ಆದ್ರೂ ಒಂದು ಎಕರೆ ಭತ್ತಕ್ಕೆ 17 ಎಕರೆಯ ಡೆಪಾಸಿಟ್ ಎತ್ಬೇಕು! ಮಳೆಗಾಲದ ರಾಗಿಗೆ ಈ ಖರ್ಚೇ ಇಲ್ಲ, ಮಳೆ ನೀರಲ್ಲೇ ಬೆಳೆಯುತ್ತೆ.

ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕವೂ ಇದೇ ಥರ. ವರ್ಷಕ್ಕೆ ಎತ್ತಬಹುದಾದ ನೀರಲ್ಲಿ ಶೇ 70ರೊಳಗೆ ಎತ್ತಿದ್ರೆ ಸುರಕ್ಷಿತ, 90 ದಾಟಿದ್ರೆ ಗಂಭೀರ, 100 ದಾಟಿದ್ರೆ ಅತಿ ಬಳಕೆ. ಕೋಲಾರ ಜಿಲ್ಲೆ 100 ದಾಟಿ ವರ್ಷಗಳೇ ಆಗಿವೆ.

ಬಿಸಿಲು ಜಾಸ್ತಿ, ಮಳೆ ಗಡಿಬಿಡಿ

ಹವಾಮಾನ ಬದಲಾವಣೆ ಈ ಅಕೌಂಟನ್ನ ಎರಡೂ ಕಡೆಯಿಂದ ಹೊಡೆಯುತ್ತೆ. ತಿಂಗಳಲ್ಲಿ ಬೀಳೋ ಮಳೆ ಎರಡೇ ದಿನದಲ್ಲಿ ಸುರಿದ್ರೆ, ಇಂಗೋಕೆ ಟೈಮ್ ಸಿಗಲ್ಲ, ಹರಿದುಹೋಗುತ್ತೆ. ಬಿಸಿಲು ಏರಿದ್ರೆ ಅದೇ ಬೆಳೆಗೆ ಜಾಸ್ತಿ ನೀರು ಬೇಕು. ಡೆಪಾಸಿಟ್‌ಗೆ ಗ್ಯಾರಂಟಿ ಇಲ್ಲ, ಖರ್ಚು ಮಾತ್ರ ಗ್ಯಾರಂಟಿ.

ಅದಕ್ಕೇ ಕೆರೆ ಹೂಳು ತೆಗೆಯೋದು, ರಾಜಕಾಲುವೆ ಒತ್ತುವರಿ ಬಿಡಿಸೋದು ಮುಖ್ಯ. 2018ರಿಂದ ಕೆ.ಸಿ. ವ್ಯಾಲಿ ಯೋಜನೇಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರ್ತಿದೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಅಂತ ಅಲ್ಲಿನ ಹೋರಾಟಗಾರರು ಕೇಳ್ತಾನೇ ಇದ್ದಾರೆ. ಆ ಬೇಡಿಕೆ ನ್ಯಾಯವಾದದ್ದೇ. ಆದ್ರೆ ಇದೆಲ್ಲ ಡೆಪಾಸಿಟ್ ಕಡೆಯ ಕೆಲಸ. ಕೆರೆ ತುಂಬಿದ ಖುಷಿಗೆ ಹತ್ತು ಹೊಸ ಬೋರ್ ಕೊರೆದ್ರೆ ಬ್ಯಾಲೆನ್ಸ್ ಮತ್ತೆ ಸೊನ್ನೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಅದು ರೈತರಿಗೆ ಆಸರೆ, ನಿಜ. ಆದ್ರೆ ನೀರು ಎಷ್ಟು ಖರ್ಚಾಯ್ತು ಅಂತ ತೋರಿಸೋ ಬಿಲ್ಲೇ ಇಲ್ಲದ ಹಾಗಾಯ್ತು.

ಪಾಸ್‌ಬುಕ್ ಓದಿದ ಊರುಗಳು

ಮಹಾರಾಷ್ಟ್ರದ ಹಿವರೆ ಬಜಾರ್ ಹೆಸರು ಕೇಳಿರ್ತೀರ. ಮಳೆ ಕಡಿಮೆ ಬೀಳೋ ಅಹಲ್ಯಾನಗರ (ಹಳೇ ಅಹಮದ್‌ನಗರ) ಜಿಲ್ಲೆಯ ಹಳ್ಳಿ. ಪೋಪಟ್‌ರಾವ್ ಪವಾರ್ ಮುಂದಾಳತ್ವದಲ್ಲಿ ಬದು, ಚೆಕ್‌ಡ್ಯಾಂ ಎಲ್ಲ ಮಾಡಿದ್ರು. ಆದ್ರೆ ಅವರನ್ನ ಉಳಿಸಿದ್ದು ಅದೊಂದೇ ಅಲ್ಲ. ಕೃಷಿಗೆ ಬೋರ್‌ವೆಲ್ ಬೇಡ ಅಂತ ಊರೇ ನಿರ್ಧಾರ ಮಾಡ್ತು. ಪ್ರತಿ ವರ್ಷ ಮಳೆ ಅಳೆದು, ಬಾವಿ ಮಟ್ಟ ನೋಡಿ, ಮೊದಲು ಕುಡಿಯೋಕೆ, ಆಮೇಲೆ ದನಕರುಗೆ, ಉಳಿದದ್ದಕ್ಕೆ ತಕ್ಕ ಬೆಳೆ ಅಂತ ಗ್ರಾಮಸಭೇಲಿ ಬಜೆಟ್ ಮಾಡ್ತಾರೆ.

ಅಷ್ಟು ದೂರ ಯಾಕೆ, ಗಡಿ ದಾಟಿದ್ರೆ ಸಿಗೋ ಚಿತ್ತೂರು, ಅನಂತಪುರ ಸೇರಿ ಆಗಿನ ಆಂಧ್ರದ 7 ಜಿಲ್ಲೆಗಳಲ್ಲಿ 2000ದ ದಶಕದಲ್ಲಿ ರೈತರೇ ಮಳೆ, ಬೋರ್ ಮಟ್ಟ ಅಳೆದು ಬರೆದಿಟ್ರು. ಹಿಂಗಾರು ಬಿತ್ತನೆಗೆ ಮುಂಚೆ ಸಭೆ ಸೇರಿ ಲೆಕ್ಕ ನೋಡಿದ್ರು. ಯಾರೂ ಆದೇಶ ಮಾಡ್ಲಿಲ್ಲ, ದಂಡ ಹಾಕ್ಲಿಲ್ಲ. ಲೆಕ್ಕ ಕಣ್ಣಿಗೆ ಕಂಡಾಗ ಎಷ್ಟೋ ಜನ ತಾವಾಗೇ ಭತ್ತ ಕಡಿಮೆ ಮಾಡಿದ್ರು.

ನಮ್ಮಲ್ಲೂ 2011ರ ಅಂತರ್ಜಲ ಕಾಯ್ದೆ ಇದೆ, ಅಧಿಸೂಚಿತ ಪ್ರದೇಶಗಳಲ್ಲಿ ಬೋರ್ ಕೊರೆಸೋಕೆ ಅನುಮತಿ ಬೇಕು. ಆದ್ರೆ ರಾತ್ರೋರಾತ್ರಿ ಬರೋ ರಿಗ್ ಲಾರಿಯನ್ನ ಬರೀ ಕಾಯ್ದೆ ತಡೆಯಲ್ಲ. ಲೆಕ್ಕ ಗೊತ್ತಿರೋ ಊರು ತಡೀಬಹುದು.

ಹಾಗಾದ್ರೆ ಏನ್ಮಾಡೋದು?

ಚಿಂತಾಮಣಿಯ ಗೆಳೆಯರೇ, ಸಾಲ ಮಾಡಿ ಆಳಕ್ಕೆ ಹೋಗೋದು ಬೇಡ ಅಂತಾನೇ ನನ್ನ ಅಭಿಪ್ರಾಯ. ನೀರು ಸಿಕ್ರೂ ಪಕ್ಕದವರು ಇನ್ನೂ ಕೆಳಗೆ ಹೋಗ್ತಾರೆ, ಮತ್ತೆ ನಿಮ್ಮ ಸರದಿ. ಕೊನೆಗೆ ಇಬ್ಬರಿಗೂ ಉಳಿಯೋದು ಸಾಲ.

ಬದಲಿಗೆ ಆ ಪಕ್ಕದವರನ್ನೇ ಕರ್ಕೊಳ್ಳಿ. ಐದಾರು ಬೋರ್‌ಗಳ ನೀರಿನ ಮಟ್ಟ ತಿಂಗಳಿಗೊಮ್ಮೆ ಅಳೀರಿ, ಮೋಟಾರ್ ನಿಲ್ಲಿಸಿ ಕೆಲವು ಗಂಟೆ ಆದ್ಮೇಲೆ. ಒಂದು ಮಳೆಮಾಪಕ ಇಡಿ. ಎರಡನ್ನೂ ಫೋನ್‌ನಲ್ಲಿ ಒಂದು ಶೀಟ್ ಮಾಡಿ ಹಾಕಿ, ಊರಿನ ವಾಟ್ಸಾಪ್ ಗ್ರೂಪ್‌ಗೆ ಕಳಿಸಿ. ಬಿತ್ತನೆಗೆ ಮುಂಚೆ ಅದನ್ನ ಗ್ರಾಮಸಭೇಲಿ ಓದಿಸಿ. ದೊಡ್ಡವರು ಬೈಕೊಂಡ್ರೂ ಪರವಾಗಿಲ್ಲ, ನಂಬರ್ ನೋಡ್ತಾರೆ.

ನಿಮ್ಮೂರಲ್ಲಿ ಯಾರಾದ್ರೂ ಈ ಲೆಕ್ಕ ಇಡ್ತಿದ್ರೆ ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಸಂಚಿಕೇಲಿ ಹಾಕ್ತೀನಿ. ಸಿಗೋಣ.