ಔಷಧಲೋಕದ ಘಟೋತ್ಕಚ

ರೋಗಾಣುವನ್ನು ಕೊಲ್ಲುವ ಶಕ್ತಿ ತನ್ನಲ್ಲಿ ತೀರ ಅಲ್ಪವಾಗಿದ್ದರೂ, ಕೊಲ್ಲಬಲ್ಲ ಮದ್ದನ್ನು ಉಳಿಸಿಕೊಡುವ ವಸ್ತುವೊಂದಿದೆ. ಅದರ ಹೆಸರು ಕ್ಲಾವುಲಾನಿಕ್ ಆಮ್ಲ. ಅದರ ವಿಚಾರವನ್ನೇ ಇಂದು ನಾನು ಹೇಳಬಯಸುತ್ತೇನೆ.

1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಬೂಷ್ಟಿನಿಂದ ಒಸರುವ ಪೆನಿಸಿಲಿನ್ನನ್ನು ಗುರುತಿಸಿದನು. ಅದು ಜನಸಾಮಾನ್ಯರ ಮದ್ದಾಗುವುದಕ್ಕೆ ಮೊದಲೇ, 1940ರಲ್ಲಿ, ಅದನ್ನು ಹಾಳುಮಾಡುವ ಕಿಣ್ವವೊಂದು ಕೆಲವು ಬ್ಯಾಕ್ಟೀರಿಯಗಳಲ್ಲಿ ಉಂಟೆಂದು ಆಕ್ಸ್‌ಫರ್ಡಿನ ಏಬ್ರಹಾಂ ಮತ್ತು ಚೇನ್ ತಿಳಿಸಿದರು. ಪೆನಿಸಿಲಿನ್ನಿನ ಸತ್ತ್ವವೆಲ್ಲ ಮೂರು ಇಂಗಾಲ, ಒಂದು ಸಾರಜನಕದ ಪರಮಾಣುಗಳು ಕೂಡಿದ ಪುಟ್ಟ ಉಂಗುರದಲ್ಲಿದೆ. ಬ್ಯಾಕ್ಟೀರಿಯ ತನ್ನ ಕೋಶಭಿತ್ತಿಯನ್ನು ಕಟ್ಟಿಕೊಳ್ಳದಂತೆ ತಡೆಯುವುದು ಈ ಉಂಗುರವೇ. ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವ ಅದನ್ನು ಕತ್ತರಿಸಿತೆಂದರೆ ಮದ್ದು ನಿಷ್ಫಲ.

1970ರ ದಶಕದಲ್ಲಿ ಇಂಗ್ಲೆಂಡಿನ ಬೀಚಮ್ ಸಂಸ್ಥೆಯ ವಿಜ್ಞಾನಿಗಳು ಸ್ಟ್ರೆಪ್ಟೊಮೈಸಿಸ್ ಕ್ಲಾವುಲಿಜೀರಸ್ ಎಂಬ ಸೂಕ್ಷ್ಮಜೀವಿಯಿಂದ ಈ ಆಮ್ಲವನ್ನು ಪಡೆದರು. ಇದರಲ್ಲಿಯೂ ಅಂಥದೇ ಉಂಗುರವಿದೆ. ಪೆನಿಸಿಲಿನ್ನೆಂದೇ ಬಗೆದು ಕಿಣ್ವ ಇದನ್ನು ಹಿಡಿದು ಸೀಳುತ್ತದೆ. ಸೀಳಿದ ತುಣುಕು ಕಿಣ್ವಕ್ಕೇ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಕರ್ಣನು ಅರ್ಜುನನಿಗೆಂದು ಕಾದಿರಿಸಿದ್ದ ಶಕ್ತ್ಯಾಯುಧ ಘಟೋತ್ಕಚನ ಮೇಲೆ ವ್ಯಯವಾದ ಪ್ರಸಂಗ ನಿಮಗೆ ನೆನಪಿರಬಹುದು. ಇಲ್ಲಿಯೂ ನಡೆಯುವುದು ಅದೇ. ಸಹಾಯಕ ಅಳಿಯುತ್ತದೆ, ಮದ್ದು ಉಳಿಯುತ್ತದೆ. ಅಮಾಕ್ಸಿಸಿಲಿನ್ನಿನೊಡನೆ ಇದನ್ನು ಬೆರೆಸಿದ ಆಗ್‌ಮೆಂಟಿನ್ 1981ರಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂತು. ಇಂದು ಆ ಜೋಡಿ ನಮ್ಮೂರಿನ ಔಷಧದಂಗಡಿಗಳಲ್ಲಿಯೂ ಸಿಗುತ್ತದೆ.

ಆದರೆ ಕಿಣ್ವಗಳೆಲ್ಲ ಒಂದೇ ಜಾತಿಯವಲ್ಲ. 2009ರಲ್ಲಿ ವರದಿಯಾದ ಎನ್‌ಡಿಎಂ-1 ಎಂಬ ಕಿಣ್ವ ಸತುವಿನ ನೆರವಿನಿಂದ ಉಂಗುರವನ್ನು ಒಡೆಯುತ್ತದೆ. ಅದರ ಹೆಸರಿನಲ್ಲಿ ನವದೆಹಲಿಯೇ ಅಡಗಿದೆ. ಅದರ ಮುಂದೆ ಕ್ಲಾವುಲಾನಿಕ್ ಆಮ್ಲದ ಆಟ ನಡೆಯದು. 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಅವಿಬ್ಯಾಕ್ಟಮ್, ಚೆನ್ನೈಯ ಆರ್ಕಿಡ್ ಸಂಸ್ಥೆಯಲ್ಲಿ ಹುಟ್ಟಿ 2024ರಲ್ಲಿ ಅಲ್ಲಿಯೇ ಒಪ್ಪಿಗೆ ಪಡೆದ ಎನ್‌ಮೆಟಾಜೊಬ್ಯಾಕ್ಟಮ್ ಇವು ಬೇರೆ ಹಲವು ಕಿಣ್ವಗಳನ್ನು ಕಟ್ಟಿಹಾಕಬಲ್ಲವು. ಆದರೆ ಇದನ್ನು ಅವೂ ತಡೆಯಲಾರವು.

ಶಸ್ತ್ರಚಿಕಿತ್ಸೆ, ಕ್ಯಾನ್ಸರಿನ ಚಿಕಿತ್ಸೆ, ದಿನ ತುಂಬದೆ ಹುಟ್ಟಿದ ಶಿಶುವಿನ ಆರೈಕೆ, ಇವೆಲ್ಲ ನಡೆಯುವುದು ಇಂಥ ಮದ್ದುಗಳ ಕಾವಲಿನಲ್ಲಿ. ನಾವು ಅನಗತ್ಯವಾಗಿ ನುಂಗುವ ಪ್ರತಿಯೊಂದು ಗುಳಿಗೆಯೂ ಅದನ್ನು ಎದುರಿಸಬಲ್ಲ ಬ್ಯಾಕ್ಟೀರಿಯಗಳನ್ನೇ ಆರಿಸಿ ಬೆಳೆಸುತ್ತದೆ. ನೆಗಡಿಯನ್ನು ತರುವುದು ವೈರಸ್; ಅದಕ್ಕೆ ಈ ಗುಳಿಗೆಯಿಂದ ಯಾವ ಬಾಧೆಯೂ ಇಲ್ಲ. ಆದ್ದರಿಂದ ವೈದ್ಯರು ಬರೆದುಕೊಡದೆ ಇದನ್ನು ಅಂಗಡಿಯಲ್ಲಿ ಕೇಳಿ ಪಡೆಯುವ ಅಭ್ಯಾಸವನ್ನು ನಾವು ಬಿಡಬೇಕು. ಹಾಗೆ ಬಿಟ್ಟರೆ, ನಿಜವಾಗಿ ಅಗತ್ಯವಿರುವ ರೋಗಿಗೆ ಈ ಮದ್ದು ಇನ್ನಷ್ಟು ಕಾಲ ಒದಗೀತು.