ಗಾಡಿ ಗಟ್ಟಿಯಿದೆ, ಕೀಲಿ ಒಪ್ಪುತ್ತಿಲ್ಲ

ಬಿಡದಿಯ ಟೊಯೊಟಾ ಕಾರ್ಖಾನೆಯಿಂದ ಹೊರಬಿದ್ದ ಗಾಡಿಗಳು ವಯಸ್ಸಾದ ಮೇಲೆ ಎಲ್ಲಿ ಸೇರುತ್ತವೆ ಎಂದು ನೋಡಲು ದೂರ ಹೋಗಬೇಕಿಲ್ಲ. ಮೈಸೂರು ರಸ್ತೆ ಬದಿಯ ಗ್ಯಾರೇಜೊಂದರಲ್ಲಿ ಒಂದು ಬೆಳಗ್ಗೆ ನಿಂತರೆ ಸಾಕು. ನಾನು ನಿಂತಿದ್ದಲ್ಲಿ ಹಳೇ ಇನ್ನೋವಾ ಒಂದರ ಬಾನೆಟ್ ತೆರೆದಿತ್ತು. ಪಕ್ಕದ ಸ್ಟೂಲಿನ ಮೇಲೆ ಅಷ್ಟೇ ಹಳೆಯ ಲ್ಯಾಪ್‌ಟಾಪ್.

"ಲೈಸೆನ್ಸ್ ಕೀ ಎರರ್ ಅಂತೈತೆ ಅಣ್ಣ," ಎಂದ ಹುಡುಗ.

"ಕಿತ್ತು ಕಿತ್ತು ಹಾಕ್ಬೇಡ. ಮೊದ್ಲು ಲೈಟ್ ಹತ್ತೈತಾ ನೋಡು," ಎಂದರು ಮೇಸ್ತ್ರಿ.

ಅವರು ಹೇಳುತ್ತಿದ್ದದ್ದು ಗಾಡಿಯ ಕೀಲಿಯ ಮಾತಲ್ಲ. ಲ್ಯಾಪ್‌ಟಾಪಿನ ಬದಿಗೆ ಚುಚ್ಚಿದ್ದ, ಹೆಬ್ಬೆರಳಿನಷ್ಟು ದಪ್ಪದ ಡಾಂಗಲ್‌ನದು. ರಿಪೇರಿ ಸಾಫ್ಟ್‌ವೇರಿನ ಪರವಾನಗಿ ಇರುವುದು ಅದರೊಳಗೆ. ಅದು ಒಪ್ಪದಿದ್ದರೆ ವೈರಿಂಗ್ ನಕ್ಷೆ ತೆರೆಯುವುದಿಲ್ಲ. ನಕ್ಷೆಯಿಲ್ಲದೆ ಯಾವ ವೈರು ಯಾವ ಸೆನ್ಸರಿಗೆ ಹೋಗಿದೆ ಎಂದು ಕಣ್ಣಳತೆಯಲ್ಲಿ ಹೇಳಲಾಗದು.

ಮೊದಲು ಹೀಗಿರಲಿಲ್ಲ. ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಹುಟ್ಟಿದ್ದು 1997ರಲ್ಲಿ. 2000ದ ಆರಂಭದಲ್ಲಿ ಬಿಡದಿಯಿಂದ ಕ್ವಾಲಿಸ್ ರಸ್ತೆಗಿಳಿಯಿತು. ಅದರ 2.4 ಲೀಟರ್ ಡೀಸೆಲ್ ಎಂಜಿನ್‌ಗೆ ಇದ್ದದ್ದು ಯಾಂತ್ರಿಕ ಪಂಪು. ಹೊಗೆಯ ಬಣ್ಣ ನೋಡಿ, ಸದ್ದಿಗೆ ಕಿವಿಗೊಟ್ಟು, ನಾಝಲ್ ಬಿಚ್ಚಿ ಪರೀಕ್ಷಿಸಿ ರೋಗ ಹೇಳಬಲ್ಲ ಮೆಕ್ಯಾನಿಕ್‌ಗಳು ರಾಮನಗರ, ಚನ್ನಪಟ್ಟಣದ ತುಂಬ ಇದ್ದರು. 2005ರಲ್ಲಿ ಕ್ವಾಲಿಸ್ ನಿಂತು ಇನ್ನೋವಾ ಬಂತು, ಜೊತೆಗೆ ಕಾಮನ್ ರೈಲ್ ಡೀಸೆಲ್ ಬಂತು. ಸಾವಿರ ಬಾರ್ ಮೀರಿದ ಒತ್ತಡದ ಇಂಧನವನ್ನು ಯಾವ ಕ್ಷಣಕ್ಕೆ, ಎಷ್ಟು ಚಿಮ್ಮಿಸಬೇಕೆಂದು ಇಲ್ಲಿ ತೀರ್ಮಾನಿಸುವುದು ಇಸಿಯು ಎಂಬ ಕಂಪ್ಯೂಟರ್ ಪೆಟ್ಟಿಗೆ. ತಪ್ಪು ಎಲ್ಲಿದೆ ಎಂದು ಅದನ್ನೇ ಕೇಳಬೇಕು. ಭಾರತ್ ಸ್ಟೇಜ್ 4 ಹೊಗೆ ನಿಯಮದ ಜೊತೆ 2010ರಲ್ಲಿ, ಗಾಡಿ ತನ್ನ ದೋಷವನ್ನು ತಾನೇ ಗುರುತಿಸಿಡುವ ಒಬಿಡಿ ವ್ಯವಸ್ಥೆಯ ಮೊದಲ ಹಂತವೂ 2013ರಲ್ಲಿ ಎರಡನೆಯದೂ ಕಡ್ಡಾಯವಾದ ಮೇಲೆ ಸ್ಕ್ಯಾನರ್ ಇಲ್ಲದ ಗ್ಯಾರೇಜು ಅರ್ಧ ಗ್ಯಾರೇಜಾಯಿತು. ಸ್ಕ್ಯಾನರ್, ನಕ್ಷೆಗಳ ಸಿ.ಡಿ., ವೀಲ್ ಅಲೈನ್‌ಮೆಂಟ್ ಯಂತ್ರದ ಕಂಪ್ಯೂಟರ್ ಒಂದೊಂದಾಗಿ ಒಳಗೆ ಬಂದವು. ಅವುಗಳಲ್ಲಿ ಹಲವಕ್ಕೆ ಡಾಂಗಲ್ ಅಂಟಿಕೊಂಡೇ ಬಂತು.

ಡಾಂಗಲ್‌ನ ಕಥೆ ಗಾಡಿಗಳಿಂದ ಶುರುವಾದದ್ದಲ್ಲ. 1980ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಕಮೊಡೋರ್ ಪೆಟ್ ಕಂಪ್ಯೂಟರಿಗಾಗಿ ವರ್ಡ್‌ಕ್ರಾಫ್ಟ್ ಎಂಬ ಬರವಣಿಗೆಯ ತಂತ್ರಾಂಶ ಬಂತು. ಅದನ್ನು ನಕಲು ಮಾಡಿ ಹಂಚುವುದನ್ನು ತಡೆಯಲು ಗ್ರಹಾಂ ಹೆಗ್ಗಿ ಒಂದು ಪುಟ್ಟ ಸರ್ಕ್ಯೂಟ್ ಮಾಡಿ, ರಾಳದಲ್ಲಿ ಮುಳುಗಿಸಿ, ಕ್ಯಾಸೆಟ್ ಕಿಂಡಿಗೆ ಸಿಕ್ಕಿಸುವಂತೆ ಮಾಡಿದರು. ಡಾನ್ ಗಾಲ್ ಎಂಬಾತನಿಂದ ಡಾಂಗಲ್ ಎಂಬ ಹೆಸರು ಬಂತೆಂದು 1992ರಲ್ಲಿ ಇಂಥ ಕೀಲಿ ಮಾಡುತ್ತಿದ್ದ ರೇನ್‌ಬೋ ಟೆಕ್ನಾಲಜೀಸ್ ಜಾಹೀರಾತು ಹಾಕಿತು. ಅದು ಕಟ್ಟುಕಥೆ, ಆದರೂ ಇಂದಿಗೂ ನಂಬುವವರಿದ್ದಾರೆ. ಮುಂದೆ ಕೀಲಿಗಳು ಪ್ರಿಂಟರಿನ 25 ಪಿನ್ ಕಿಂಡಿಗೆ ಬಂದವು, ಆಮೇಲೆ ಯುಎಸ್‌ಬಿಗೆ. ತಂತ್ರಾಂಶ ಒಂದು ಪ್ರಶ್ನೆ ಕಳಿಸುತ್ತದೆ, ಕೀಲಿ ಉತ್ತರ ಕೊಡುತ್ತದೆ. ಉತ್ತರ ಬಾರದಿದ್ದರೆ, ತಪ್ಪಾದರೆ ಕೆಲಸ ನಿಂತಿತು.

ಏಕೆ ನಿಂತಿತೆಂದು ಮಾತ್ರ ಅದು ಬಾಯಿಬಿಡುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಹತ್ತು ಕಾರಣಕ್ಕೂ ಪರದೆಯ ಮೇಲೆ ಒಂದೇ ಸಾಲು. 25 ಪಿನ್ನಿನ ಕೀಲಿಯಾದರೆ ಅದರ ಬೆನ್ನಿಗೆ ಸಿಕ್ಕಿಸಿದ ಪ್ರಿಂಟರ್ ಆಫ್ ಆಗಿದ್ದರೂ ಸಾಕು, ಕೀಲಿಯ ಉತ್ತರ ಕೆಡಬಹುದು. ಆ ಕಿಂಡಿ ಇಲ್ಲದ ಹೊಸ ಲ್ಯಾಪ್‌ಟಾಪಿಗೆ ಯುಎಸ್‌ಬಿ ಪರಿವರ್ತಕ ಕೊಂಡು ಹಣ ಕಳೆದುಕೊಂಡವರು ಎಷ್ಟೋ ಮಂದಿ. ಆ ವೈರಿಗೆ ಪ್ರಿಂಟರಿನ ಭಾಷೆ ಮಾತ್ರ ಗೊತ್ತು, ಕೀಲಿಯದು ತಿಳಿಯದು. ಪ್ರತ್ಯೇಕ ಕಾರ್ಡ್ ಹಾಕಿದರೂ ಹಳೇ ತಂತ್ರಾಂಶ ಹುಡುಕುವ 378 ಎಂಬ ವಿಳಾಸದಲ್ಲಿ ಅದು ಕೂರದಿರಬಹುದು. ಯುಎಸ್‌ಬಿ ಕೀಲಿಯ ಬೇನೆ ಬೇರೆ. ಡ್ರೈವರ್ ಹಾಕುವ ಮುಂಚೆಯೇ ಕೀಲಿ ಚುಚ್ಚಿದರೆ ವಿಂಡೋಸ್ ಅದನ್ನು ಗುರುತು ಹಿಡಿಯದೆ ಹೋಗಬಹುದು. ಎಕ್ಸ್‌ಪಿ ಕಾಲದ ಡ್ರೈವರನ್ನು 64 ಬಿಟ್‌ನ ವಿಂಡೋಸ್ ಒಳಗೇ ಬಿಟ್ಟುಕೊಳ್ಳದು. ಬದಿಗೆ ಚಾಚಿಕೊಂಡ ಕೀಲಿಗೆ ಸ್ಪ್ಯಾನರ್ ತಗುಲಿ ಒಳಗಿನ ಬೆಸುಗೆ ಬಿಟ್ಟಿರುವುದೂ ಉಂಟು. ಗೇಣುದ್ದದ ಎಕ್ಸ್‌ಟೆನ್ಷನ್ ವೈರು ಹಾಕಿಕೊಂಡಿದ್ದರೆ ಆ ಕೀಲಿ ಉಳಿಯುತ್ತಿತ್ತು.

ಇನ್ನೊಂದು ತೊಡಕು ಹೆಸರಿನದು. ತಂತ್ರಾಂಶ ಮಾಡಿದವರು ಬೇರೆ, ಕೀಲಿ ಮಾಡಿದವರು ಬೇರೆ. ರೇನ್‌ಬೋ ಕಂಪನಿ 2004ರಲ್ಲಿ ಸೇಫ್‌ನೆಟ್ ಜೊತೆ ಸೇರಿತು. ಹ್ಯಾಸ್ಪ್ ಕೀಲಿ ಮಾಡುತ್ತಿದ್ದ ಇಸ್ರೇಲಿನ ಅಲಾದ್ದೀನ್ 2009ರಲ್ಲಿ ಅದೇ ಸೇಫ್‌ನೆಟ್ ಪಾಲಾಯಿತು. ಸೇಫ್‌ನೆಟ್ಟನ್ನು ಜೆಮಾಲ್ಟೊ ಕೊಂಡಿತು, ಜೆಮಾಲ್ಟೊವನ್ನು 2019ರಲ್ಲಿ ಥೇಲ್ಸ್. ಹಾಗಾಗಿ ಹ್ಯಾಸ್ಪ್ ಕೀಲಿಯ ಡ್ರೈವರನ್ನು ಇಂದು ಸೆಂಟಿನೆಲ್ ಎಂಬ ಹೆಸರಿನಲ್ಲಿ ಹುಡುಕಬೇಕು. ಅದನ್ನು ಹಾಕಿದ ಮೇಲೆ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 1947 ಎಂದು ಕೊಟ್ಟರೆ, ಕೀಲಿ ಕಂಪ್ಯೂಟರಿಗೆ ಕಾಣುತ್ತಿದೆಯೇ ಎಂದು ತೋರಿಸುವ ಪುಟ ತೆರೆಯುತ್ತದೆ. ನಮಗೆ ಸ್ವಾತಂತ್ರ್ಯ ಬಂದ ವರ್ಷವೇ ಆದ್ದರಿಂದ ಈ ಸಂಖ್ಯೆ ಯಾರಿಗೂ ಮರೆಯದು.

ಕೀಲಿ ನಿಜಕ್ಕೂ ಸತ್ತು, ತಂತ್ರಾಂಶ ಮಾಡಿದ ಕಂಪನಿಯೂ ಮುಚ್ಚಿದ್ದರೆ ಏನು ಮಾಡುವುದು? ಅಮೆರಿಕದಲ್ಲಿ 2003ರಲ್ಲೇ ಇದಕ್ಕೊಂದು ವಿನಾಯಿತಿ ಕೊಟ್ಟರು. ಕೆಟ್ಟುಹೋದ, ಬಳಕೆಯಿಂದ ಮರೆಯಾದ ಡಾಂಗಲ್‌ನ ಬೀಗವನ್ನು ದಾಟಿ ಹೋಗುವುದು ತಪ್ಪಲ್ಲ ಎಂದರು. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಂ, ಹಕ್ಕು ಕಸಿಯುವ ಉದ್ದೇಶದಿಂದ ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಸಜೆ ವಿಧಿಸುತ್ತದೆ. ದುಡ್ಡು ಕೊಟ್ಟು ಕೊಂಡ ತಂತ್ರಾಂಶ ತೆರೆಯದೆ ಕುಳಿತವನ ಹೆಸರು ಹಿಡಿದು ಹೇಳಿದ ಒಂದು ಮಾತು ಅಲ್ಲಿಲ್ಲ. ಹಾಗೆಂದು ಗ್ಯಾರೇಜುಗಳ ಕಷ್ಟ ಇಲ್ಲಿ ಯಾರ ಕಿವಿಗೂ ಬಿದ್ದಿಲ್ಲ ಎಂದಲ್ಲ. ಬಿಡಿಭಾಗ, ರೋಗಪತ್ತೆಯ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ದಂಡ ಮೇಲ್ಮನವಿಗಳಿಗೆ ಹೋಯಿತು. ದುರಸ್ತಿ ಹಕ್ಕಿನ ಬಗ್ಗೆ 2022ರಲ್ಲಿ ಕೇಂದ್ರ ಸರ್ಕಾರ ಸಮಿತಿ ಮಾಡಿದಾಗ ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಕೆಟ್ಟ ಡಾಂಗಲ್‌ನ ಪ್ರಶ್ನೆಯೂ ಆ ಮೇಜಿಗೆ ಹೋಗಬೇಕು.

ಆ ಬೆಳಗ್ಗೆ ಕೀಲಿಯ ಕೆಂಪು ದೀಪ ಹತ್ತಿತ್ತು. 1947ರ ಪುಟದಲ್ಲೂ ಅದು ಕಾಣುತ್ತಿತ್ತು. ಮೇಸ್ತ್ರಿ ಪರದೆಯ ಮೂಲೆಗೆ ಬೆರಳಿಟ್ಟರು. ದಿನಾಂಕ 2002ನೇ ಇಸವಿಯ ಜನವರಿ 1 ಎಂದಿತ್ತು. ಲ್ಯಾಪ್‌ಟಾಪಿನ ದೊಡ್ಡ ಬ್ಯಾಟರಿ ಯಾವತ್ತೋ ಹೋಗಿತ್ತು, ಗಡಿಯಾರ ನಡೆಸುವ ಬಿಲ್ಲೆ ಸೆಲ್ಲೂ ಈಗ ಬರಿದಾಗಿತ್ತು. ರಾತ್ರಿ ಕರೆಂಟು ಹೋದೊಡನೆ ದಿನಾಂಕ ಹಿಂದಕ್ಕೆ ಸರಿದಿತ್ತು. ಕಾಲ ಹಿಂದೆ ಸರಿದರೆ ಪರವಾನಗಿ ಮೋಸವೆಂದೇ ತಿಳಿಯುತ್ತದೆ. ಹುಡುಗ ಅಂಗಡಿಗೆ ಓಡಿ ಹೊಸ ಸೆಲ್ ತಂದ. ದಿನಾಂಕ ತಿದ್ದಿ ಮತ್ತೆ ಶುರು ಮಾಡಿದಾಗ ನಕ್ಷೆ ತೆರೆಯಿತು.

ಮೇಸ್ತ್ರಿ ಆಯಿಲ್ ಫಿಲ್ಟರಿನ ಖಾಲಿ ಡಬ್ಬಿ ಹರಿದು ರಟ್ಟನ್ನು ಹುಡುಗನ ಕೈಗೆ ಕೊಟ್ಟರು. "ಕಲರ್ ಎಲ್ಲಾ ಬರ್ಕೊಳ್ಳಲಾ, ಬಿಡ್ಬೇಡ," ಎಂದರು. ಅವನು ನೆಲಕ್ಕೆ ಕೂತು, ಪರದೆ ನೋಡುತ್ತ, ಒಂದೊಂದೇ ವೈರಿನ ಬಣ್ಣ ಬರೆಯತೊಡಗಿದ.