ಗುಡ್ಡದ ದಾರಿಗಳಲ್ಲಿ ವಿದ್ಯುತ್ ದ್ವಿಚಕ್ರ ವಾಹನದ ಉಪಯೋಗ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳ ಭೂಮಿಯ ಗುಣವು ವಾಚಕರಿಗೆ ವಿದಿತವೇ ಆಗಿದೆ. ಕೃಷ್ಣಾ, ಘಟಪ್ರಭಾ ನದಿಗಳ ದಡಗುಂಟ ಎರೆಯ ಹೊಲಗಳೂ ಕಬ್ಬಿನ ತೋಟಗಳೂ ಹಬ್ಬಿವೆ. ಅವುಗಳ ಬೆನ್ನಿಗೆ ಗರಸು ಕಲ್ಲುಗಳ ಗುಡ್ಡಗಳೂ ದಿನ್ನೆಗಳೂ ನಿಂತಿವೆ. ಒಬ್ಬನೇ ಒಕ್ಕಲಿಗನ ಪಂಪು ನದಿಯ ದಂಡೆಯಲ್ಲಿಯೂ, ಮನೆಯು ಊರಲ್ಲಿಯೂ, ಮಳೆಯ ಹೊಲವು ದಿನ್ನೆಯ ಮೇಲೆಯೂ ಇರುವದು ಅಪರೂಪವಲ್ಲ. ದಿನಕ್ಕೆರಡು ಸಲ ಚಕ್ಕಡಿಯ ದಾರಿಯಲ್ಲಿ ತಿರುಗಾಡುವದು ಅವನ ಪಾಲಿಗೆ ತಪ್ಪಿದ್ದಲ್ಲ. ಈ ಕೆಲಸಕ್ಕೆ ವಿದ್ಯುತ್ತಿನಿಂದ ನಡೆಯುವ ದ್ವಿಚಕ್ರ ವಾಹನಗಳನ್ನು ಕೊಳ್ಳಬೇಕೆಂಬ ವಿಚಾರವು ಈಗ ಅನೇಕರಲ್ಲಿ ಹುಟ್ಟಿರುವದರಿಂದ, ಅವುಗಳ ಗುಣದೋಷಗಳನ್ನು ಇಲ್ಲಿ ವಿವರಿಸಲಾಗಿದೆ. ಡಾಂಬರಿನ ರಸ್ತೆಯ ಮೇಲೆ ನೋಡಿ ಕೊಂಡ ವಾಹನವು ಗುಡ್ಡದ ನಡುವೆ ನಿಂತುಬಿಟ್ಟರೆ ಹಣವೂ ಹೋಗುವದು, ನೀರು ಹಾಯಿಸುವ ಹೊತ್ತೂ ತಪ್ಪುವದು.

ಮೊದಲನೆಯದಾಗಿ ಮೋಟರಿನ ಶಕ್ತಿಯನ್ನು ವಿಚಾರಿಸತಕ್ಕದ್ದು. ಪಂಪಿನ ಶಕ್ತಿಯನ್ನು ನಾವು ಅಶ್ವಶಕ್ತಿಯಲ್ಲಿ ಹೇಳುತ್ತೇವೆ. ವಾಹನದ ಶಕ್ತಿಯನ್ನು ವ್ಯಾಟುಗಳಲ್ಲಿ ಹೇಳುತ್ತಾರೆ. 746 ವ್ಯಾಟುಗಳೆಂದರೆ ಒಂದು ಅಶ್ವಶಕ್ತಿ. ಆದಕಾರಣ 250 ವ್ಯಾಟಿನ ಮೋಟರೆಂದರೆ ಅಶ್ವಶಕ್ತಿಯ ಮೂರನೆಯ ಒಂದಂಶ ಮಾತ್ರ.

ಉದಾಹರಣೆಗೆ, ವಾಹನವು 100 ಕಿಲೋ, ಸವಾರನು 65 ಕಿಲೋ, ಬೀಜದ ಚೀಲವು 15 ಕಿಲೋ, ಒಟ್ಟು 180 ಕಿಲೋ ಭಾರವೆಂದು ತಿಳಿಯಿರಿ. ಹತ್ತು ಮಾರು ನಡೆದರೆ ಒಂದು ಮಾರು ಏರುವ ದಾರಿಯಲ್ಲಿ ಈ ಭಾರವು ಸುಮಾರು 18 ಕಿಲೋದಷ್ಟು ಹಿಂದಕ್ಕೆ ಜಗ್ಗುವದು. ಸಡಿಲು ಗರಸಿನ ತಡೆಯು ಇನ್ನೊಂದು 7 ಕಿಲೋದಷ್ಟಾಗುವದು. ಈ 25 ಕಿಲೋ ಎಳೆತವನ್ನು ಗೆದ್ದು ತಾಸಿಗೆ 15 ಕಿಲೋಮೀಟರಿನಂತೆ ಏರಬೇಕಾದರೆ ಸುಮಾರು 1000 ವ್ಯಾಟು, ಎಂದರೆ ಒಂದೂಕಾಲು ಅಶ್ವಶಕ್ತಿಗೂ ಮಿಕ್ಕಿ ಶಕ್ತಿಯು ಗಾಲಿಗೆ ಮುಟ್ಟಬೇಕು. 250 ವ್ಯಾಟಿನ ಮೋಟರು ಇದೇ ಏರಿನಲ್ಲಿ ತಾಸಿಗೆ 4 ಕಿಲೋಮೀಟರು ಸಹ ಹೋಗಲಾರದು; ಕಾಲ್ನಡೆಯವನೇ ಅದಕ್ಕಿಂತ ಮುಂದಾಗುವನು.

ಇಷ್ಟರಿಂದಲೇ ಕೇಡು ಮುಗಿಯುವದಿಲ್ಲ. ಮೋಟರು ತಿರುಗುವ ವೇಗವು ತೀರ ಕಡಿಮೆಯಾದಾಗ ಅದರೊಳಗೆ ಹರಿಯುವ ವಿದ್ಯುತ್ತಿನ ಬಹುಭಾಗವು ಕೆಲಸವಾಗದೆ ಶಾಖವಾಗುತ್ತದೆ. ಗಾಲಿಯ ಗುಂಬದಲ್ಲಿಯೇ ಮೋಟರನ್ನು ಕೂಡಿಸಿದ ವಾಹನಗಳಿಗೆ ಈ ಭಯವು ಹೆಚ್ಚು. ನಡುವೆ ಮೋಟರಿದ್ದು ಸರಪಳಿ ಮತ್ತು ಗೇರುಗಳ ಮೂಲಕ ಗಾಲಿಯನ್ನು ತಿರುಗಿಸುವ ವಾಹನವು ಏರಿಗೆ ಹೆಚ್ಚು ಯೋಗ್ಯವು. ಯಾಕಂದರೆ ಗಾಲಿಯು ನಿಧಾನವಾಗಿದ್ದರೂ ಮೋಟರು ತಕ್ಕ ವೇಗದಲ್ಲಿ ತಿರುಗುತ್ತಿರುವದು.

ಎರಡನೆಯದು ಬ್ಯಾಟರಿ. ಗುಡ್ಡದ ಎತ್ತರವೇ ಬ್ಯಾಟರಿಯನ್ನು ಬರಿದು ಮಾಡುವದೆಂಬ ತಿಳುವಳಿಕೆಯು ಪೂರ್ತಿ ಸರಿಯಲ್ಲ. ಮೇಲೆ ಹೇಳಿದ 180 ಕಿಲೋ ಭಾರವನ್ನು 50 ಮೀಟರು ಎತ್ತರಕ್ಕೆ ಒಯ್ಯಲು, ನಡುವೆ ಆಗುವ ನಷ್ಟವನ್ನು ಹಿಡಿದರೂ, ಒಂದು ಯುನಿಟ್ಟಿನ ಮೂವತ್ತನೆಯ ಒಂದಂಶವೇ ಸಾಕು. ಆದರೆ ಗರಸಿನ ದಾರಿಯ ತಡೆಯು ಪ್ರತಿ ಕಿಲೋಮೀಟರಿಗೆ ಯುನಿಟ್ಟಿನ ನಾಲ್ವತ್ತನೆಯ ಒಂದಂಶವನ್ನು ತಿನ್ನುವದು. ಹತ್ತು ಕಿಲೋಮೀಟರಿನ ಸುತ್ತಿನಲ್ಲಿ ಅಂಥ ಏರನ್ನು ಎರಡು ಸಲ ಹತ್ತಿದರೂ ಒಟ್ಟು ವೆಚ್ಚವು ಯುನಿಟ್ಟಿನ ಮೂರನೆಯ ಒಂದಂಶದ ಸುಮಾರು ಆಗುತ್ತದೆ. ಆದ್ದರಿಂದ ಹೊಲದ ತಿರುಗಾಟಕ್ಕೆ ಅತಿ ದೊಡ್ಡ ಬ್ಯಾಟರಿಗಿಂತ ಏರನ್ನು ತಾಳುವ ಮೋಟರೇ ಮುಖ್ಯವು. ಮಳೆಗಾಲದ ಎರೆಯ ಕೆಸರಿನಲ್ಲಿ ಮಾತ್ರ ತಡೆಯು ಹಲವು ಪಟ್ಟು ಬೆಳೆಯುವದು. ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ ಗಾಲಿಯನ್ನೇ ಹಿಡಿಯುವದು. ಅಂಥ ದಿನ ವಾಹನವನ್ನು ಗಟ್ಟಿ ನೆಲದಲ್ಲಿಯೇ ನಿಲ್ಲಿಸಿ ನಡೆದು ಹೋಗುವದು ಲೇಸು.

ಲಿಥಿಯಂ ಬ್ಯಾಟರಿಗಳಲ್ಲಿ ಲೋಹಫಾಸ್ಫೇಟಿನ ಜಾತಿಯು ಸ್ವಲ್ಪ ಭಾರವಾದರೂ ಶಾಖವನ್ನು ಹೆಚ್ಚು ತಾಳುವದು, ಬಹುಕಾಲ ಬಾಳುವದು. ನಮ್ಮ ಬೇಸಿಗೆಯ ಬಿಸಿಲಿಗೆ ಇದೇ ತಕ್ಕದ್ದು. ಏರು ಹತ್ತಿ ಬಂದ ಕೂಡಲೆ ಚಾರ್ಜಿಗೆ ಹಚ್ಚದೆ, ಬ್ಯಾಟರಿಯು ಆರುವ ವರೆಗೆ ನೆರಳಿನಲ್ಲಿ ಬಿಡಬೇಕು. ಕಬ್ಬಿನ ರವದಿ, ಮೇವು, ಹತ್ತಿ ಇವುಗಳ ಹತ್ತಿರ ಎಂದಿಗೂ ಚಾರ್ಜು ಮಾಡಕೂಡದು. ಉಬ್ಬಿದ ಇಲ್ಲವೆ ಕೆಳಗೆ ಬಿದ್ದು ಒಡೆದ ಬ್ಯಾಟರಿಯನ್ನು ಮನೆಯೊಳಗೆ ಇಡಬಾರದು.

ಪಂಪಿನ ತಂತಿಯಿಂದ ಚಾರ್ಜು ಮಾಡುವ ಯೋಚನೆಯನ್ನು ಬಿಡತಕ್ಕದ್ದು. ಆ ಜೋಡಣೆಯು ನೀರೆತ್ತುವದಕ್ಕಾಗಿ ಕೊಟ್ಟದ್ದು. ಅದಲ್ಲದೆ ಎರಡು ಫೇಜುಗಳ ನಡುವೆ ಸುಮಾರು 400 ವೋಲ್ಟು ಇರುವದರಿಂದ, ತಪ್ಪಿ ಜೋಡಿಸಿದರೆ ಚಾರ್ಜರು ಸುಟ್ಟು ಪ್ರಾಣಕ್ಕೂ ಅಪಾಯವು ಬರುವದು. ಮನೆಯ ವಿದ್ಯುತ್ತಿನಲ್ಲಿ, ಸರಿಯಾದ ಅರ್ಥಿಂಗ್ ಇರುವ ಸಾಕೆಟ್ಟಿನಲ್ಲಿಯೇ ಹಚ್ಚಬೇಕು.

ಮೂರನೆಯದು ಇಳುಕಲು. ಏರುವದಕ್ಕಿಂತ ಇಳಿಯುವಾಗಲೇ ಪ್ರಾಣಭಯವು ಹೆಚ್ಚು. ಕೆಲವು ವಾಹನಗಳು ಇಳಿಯುವಾಗ ಮೋಟರನ್ನೇ ಡೈನಮೋದಂತೆ ತಿರುಗಿಸಿ, ವೇಗವನ್ನು ತಡೆದು, ಬ್ಯಾಟರಿಗೆ ಸ್ವಲ್ಪ ವಿದ್ಯುತ್ತನ್ನು ಮರಳಿ ಕೊಡುತ್ತವೆ. ಆದರೆ ಬ್ಯಾಟರಿಯು ಪೂರ್ಣ ತುಂಬಿದ್ದರೆ ಈ ತಡೆಯು ಸಿಗಲಾರದು. ದಿನ್ನೆಯ ಮೇಲಿನ ತೋಟದ ಮನೆಯಲ್ಲಿ ರಾತ್ರಿಯೆಲ್ಲ ಚಾರ್ಜು ಮಾಡಿ ಬೆಳಿಗ್ಗೆ ಇಳಿಯುವವರು ಇದನ್ನು ನೆನಪಿನಲ್ಲಿಡಬೇಕು. ಎರಡೂ ಗಾಲಿಗಳಿಗೆ ಡಿಸ್ಕ್ ಬ್ರೇಕು ಇರುವದು ಯೋಗ್ಯವು. ಭಾರವನ್ನು ಕೆಳಮಟ್ಟದಲ್ಲಿ ಎರಡೂ ಬದಿಗೆ ಸಮನಾಗಿ ಕಟ್ಟಬೇಕು. ಈ ವಾಹನಕ್ಕೆ ಸಪ್ಪಳವಿಲ್ಲದ್ದರಿಂದ ಕುರಿ, ದನಗಳು ಬೆದರುವದು ಕಡಿಮೆ. ಆದರೆ ದಾರಿಯ ಜನರಿಗೂ ಅದು ಬಂದದ್ದು ತಿಳಿಯುವದಿಲ್ಲ. ತಿರುವುಗಳಲ್ಲಿ ಗಂಟೆ ಬಾರಿಸತಕ್ಕದ್ದು.

ಕಾಯದೆಯನ್ನೂ ತಿಳಿದಿರಬೇಕು. 250 ವ್ಯಾಟಿಗಿಂತಲೂ, ತಾಸಿಗೆ 25 ಕಿಲೋಮೀಟರಿಗಿಂತಲೂ ಕಡಿಮೆಯ ಹಗುರು ವಾಹನಗಳಿಗೆ ಮಾತ್ರ ನೋಂದಣಿ ಮತ್ತು ಲಾಯಸೆನ್ಸಿನ ಅವಶ್ಯಕತೆ ಇಲ್ಲ. ಗುಡ್ಡ ಏರಲು ಸಮರ್ಥವಾದ ವಾಹನಗಳು ಸಾಮಾನ್ಯವಾಗಿ ಈ ಮಿತಿಯನ್ನು ಮೀರಿದವು. ಅವುಗಳಿಗೆ ನೋಂದಣಿ, ವಿಮೆ, ಲಾಯಸೆನ್ಸು, ಶಿರಸ್ತ್ರಾಣ ಎಲ್ಲವೂ ಬೇಕು.

ಕೊಳ್ಳುವ ಮುಂಚೆ ನಿಮ್ಮ ದಾರಿಯ ಅತಿ ಕಡಿದಾದ ಏರನ್ನು ಅಳೆಯಿರಿ. ಹತ್ತು ಫೂಟಿನ ನೆಟ್ಟನೆಯ ಕೋಲಿನ ಒಂದು ತುದಿಯನ್ನು ಏರಿನ ನೆಲಕ್ಕಿಟ್ಟು, ಗೌಂಡಿಯ ಮಟ್ಟಗೋಲಿನಿಂದ ಸಮ ಮಾಡಿ, ಇನ್ನೊಂದು ತುದಿಯು ನೆಲದಿಂದ ಎಷ್ಟು ಎತ್ತರವಿದೆಯೆಂಬದನ್ನು ನೋಡಬೇಕು. ಒಂದು ಫೂಟು ಬಂದರೆ ಅದು ಹತ್ತಕ್ಕೊಂದರ ಏರು. ಅದೇ ಏರಿನಲ್ಲಿ, ನಿತ್ಯದ ಭಾರವನ್ನು ಹೇರಿ, ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ ತೋರಿಸೆಂದು ಮಾರುವವನಿಗೆ ಹೇಳಬೇಕು. ಇದಕ್ಕೊಪ್ಪದವನಿಂದ ಕೊಳ್ಳಕೂಡದು.

ಕೊನೆಯದಾಗಿ ದಾರಿಯ ವಿಷಯ. ಎಂಥ ಉತ್ತಮ ವಾಹನವೂ ಕೊರಕಲು ಬಿದ್ದ ದಾರಿಯಲ್ಲಿ ಬಾಳದು. ಏರಿನ ದಾರಿಗೆ ಅಡ್ಡಲಾಗಿ ಅಲ್ಲಲ್ಲಿ ಓರೆಯಾಗಿ ಕಲ್ಲಿನ ಸಾಲು ಹೂಳಿ ಮಳೆಯ ನೀರನ್ನು ಬದಿಗೆ ತಿರುಗಿಸಿದರೆ ಕೊರಕಲು ನಿಲ್ಲುವದು. ಇದು ಒಬ್ಬನ ಕೆಲಸವಲ್ಲ. ಜಮಖಂಡಿ ತಾಲೂಕಿನ ಒಕ್ಕಲಿಗರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ 1989ರಲ್ಲಿ ತಮ್ಮದೇ ಹಣದಿಂದಲೂ ಶ್ರಮದಿಂದಲೂ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ನದಿಗೆ ಅಡ್ಡಗಟ್ಟೆ ಕಟ್ಟಿದ ಸೀಮೆಯ ಜನರಿಗೆ ತಮ್ಮ ಹೊಲದ ದಾರಿಯನ್ನು ಕೂಡಿ ತಿದ್ದುವದು ಭಾರವಾಗಲಾರದು. ಊರ ಹಿರಿಯರು ಮುಂಗಾರಿಗೆ ಮೊದಲೇ ಆ ದಾರಿಯ ಹೊಲದವರನ್ನೆಲ್ಲ ಕೂಡಿಸಿ ಈ ಕೆಲಸವನ್ನು ಕೈಕೊಳ್ಳತಕ್ಕದ್ದು. ವಾಹನವನ್ನು ಕೊಳ್ಳುವ ವಿಚಾರವು ಆಮೇಲಿನದು.